ಇಳಿಜಾರು ಮಾಡಿನ ಕೆಳಗೆ ರೆಡಿಮೇಡ್ ಕಪಾಟು ಕೂರಿಸುವುದು: ಮಲೆನಾಡಿನ ಹೆಂಚಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹೆಂಚಿನ ಮನೆಗಳಲ್ಲಿ ಉಪ್ಪರಿಗೆಯ ಅರ್ಧದಷ್ಟು ಜಾಗ ಬಳಕೆಗೇ ಬರುವುದಿಲ್ಲ. ನಡುವೆ ತಲೆಯೆತ್ತಿ ಓಡಾಡಬಹುದು. ಸೂರಿನ ಕಡೆ ಸರಿದಂತೆ ಪಕಾಸಿ (ಮಾಡಿನ ಇಳಿಜಾರಿನುದ್ದಕ್ಕೂ ಹಾಕಿದ ಮರ) ತಲೆಗೆ ಬಡಿಯುತ್ತದೆ. ಆ ತಗ್ಗಿನಲ್ಲಿ ಹಳೇ ಟ್ರಂಕು, ಚಾಪೆ, ಖಾಲಿ ಗೋಣಿಚೀಲ ಸೇರಿಕೊಂಡು ಧೂಳು ತಿನ್ನುತ್ತವೆ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕಪಾಟುಗಳನ್ನೇ ಅಲ್ಲಿ ಚೊಕ್ಕವಾಗಿ ಕೂರಿಸಬಹುದು. ಆದರೆ ಕಪಾಟು ಚೌಕ, ಮಾಡು (ಹೆಂಚಿನ ಚಾವಣಿ) ಓರೆ. ಅದೂ ಎಲ್ಲ ಕಡೆ ಒಂದೇ ಸಮ ಓರೆಯಲ್ಲ.

ಕೆಲಸ ಕೆಡುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ: ಕಪಾಟನ್ನು ಮಾಡಿಗೆ ಹೊಂದಿಸಲು ಹೋಗುತ್ತಾರೆ. ಕಪಾಟು ನೆಲದ ಲೆವೆಲ್ಲಿಗೆ, ತೂಗುಗುಂಡಿನ ನೇರಕ್ಕೆ ನಿಲ್ಲಬೇಕು, ಮಾಡನ್ನು ಎಲ್ಲೂ ಮುಟ್ಟಬಾರದು. ಮಾಡಿನ ಸೊಟ್ಟವನ್ನೆಲ್ಲ ಕಪಾಟಿನ ಮೇಲೆ ಪ್ರತ್ಯೇಕವಾಗಿ ಕೂರುವ ಒಂದು ಮರೆಪಟ್ಟಿ ನುಂಗಿಕೊಳ್ಳಬೇಕು. ಮಳೆಗಾಲದಲ್ಲಿ ಹೆಂಚು ನೀರು ಕುಡಿದು ಭಾರವಾಗುತ್ತದೆ, ಮರ ಉಬ್ಬುತ್ತದೆ, ಪಕಾಸಿ ಸ್ವಲ್ಪ ಬಾಗುತ್ತದೆ. ಬೇಸಿಗೆಯಲ್ಲಿ ಮಾಡಿಗೆ ಒತ್ತಿ ಕೂರಿಸಿದ ಕಪಾಟಿನ ಬಾಗಿಲು ಆಷಾಢದಲ್ಲಿ ತೆರೆಯದೇ ಹೋಗುವುದು ಇದರಿಂದಲೇ.

ಅಳತೆಗೂ ಮೊದಲು ಮಾಡು ನೋಡಿ

ಬಿಸಿಲಿರುವಾಗ ಉಪ್ಪರಿಗೆಯ ಕಿಟಕಿ ಮುಚ್ಚಿ ಕತ್ತಲೆ ಮಾಡಿ, ಮೇಲೆ ನೋಡಿ. ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ಹೆಂಚು ಒಡೆದಿದೆ ಅಥವಾ ಸರಿದಿದೆ. ಮಂಗ ಓಡಾಡುವ ಊರಲ್ಲಿ ಇದು ಪ್ರತಿವರ್ಷದ ಪಾಡು. ಹೆಂಚು ಕೂರುವ ಅಡ್ಡಪಟ್ಟಿಯಾದ ರೀಪಿನ ಮೇಲೆ ಕಪ್ಪು ಕಲೆ ಇದ್ದರೆ ಹಿಂದೆ ಸೋರಿದ್ದ ಗುರುತು. ಚಾಕುವಿನ ತುದಿ ಚುಚ್ಚಿ, ಮರ ಮೆತ್ತಗಿದ್ದರೆ ಮೊದಲು ಅದನ್ನು ಬದಲಿಸಿ. ಗೋಡೆ ಮತ್ತು ಪಕಾಸಿ ಸೇರುವ ಜಾಗದಲ್ಲಿ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಮೇಲೇರಿದ್ದರೆ ಒರಲೆ (ಗೆದ್ದಲು) ಹತ್ತಿದೆ ಎಂದರ್ಥ. ಅದಕ್ಕೆ ಔಷಧಿ ಹೊಡೆಸದೆ ಪ್ಲೈವುಡ್ ತಂದಿಡುವುದು ಒರಲೆಗೆ ಊಟ ಬಡಿಸಿದ ಹಾಗೆ.

ಹೆಂಚು ಕೈಯಾಡಿಸುವ ಕೆಲಸ ಏಪ್ರಿಲ್, ಮೇ ತಿಂಗಳಲ್ಲಿ ನಡೆಯುತ್ತದೆ. ಅದು ಮುಗಿದ ಮೇಲೆಯೇ ಕಪಾಟು ಕೂರಿಸಿ. ಹೆಂಚು ತೆಗೆಯುವಾಗ ಬೀಳುವ ಮಣ್ಣು, ಇಲಿಗೂಡು, ಹೆಂಚಿನ ಚೂರು ಎಲ್ಲ ಹೊಸ ಲ್ಯಾಮಿನೇಟಿನ ಮೇಲೆ ಬಿದ್ದರೆ ಗೀರು ಗ್ಯಾರಂಟಿ. ಜೂನ್ ಕಾಲಿಟ್ಟ ಮೇಲೆ ಕತ್ತರಿಸುವ ಕೆಲಸ ಬೇಡ. ಕತ್ತರಿಸಿದ ಅಂಚಿಗೆ ಬಳಿದ ಸೀಲರ್ ಸರಿಯಾಗಿ ಒಣಗುವುದಿಲ್ಲ.

ಅಳತೆ

ಬೇಕಾದದ್ದು: 5 ಮೀಟರಿನ ಟೇಪು, ಒಂದು ಮೀಟರಿನ ಸ್ಪಿರಿಟ್ ಲೆವೆಲ್, ತೂಗುಗುಂಡು, ನೀರು ತುಂಬಿದ ಟ್ಯೂಬ್ ಲೆವೆಲ್, ಸೀಮೆಸುಣ್ಣ. ಇಡೀ ಕೆಲಸವನ್ನು ಮಿಲಿಮೀಟರಿನಲ್ಲೇ ಮಾಡಿ. ಅಡಿ ಇಂಚು, ಮಿಲಿಮೀಟರ್ ಎರಡನ್ನೂ ಬೆರೆಸಿದರೆ ಎಲ್ಲಾದರೂ ಒಂದು ಕಡೆ ಲೆಕ್ಕ ತಪ್ಪುತ್ತದೆ.

ಮೊದಲು ನೆಲ. ಹಳೇ ಕಾವಿ ನೆಲವಾಗಲಿ, ತೊಲೆಯ ಮೇಲೆ ಹಲಗೆ ಹೊಡೆದ ಉಪ್ಪರಿಗೆಯಾಗಲಿ, ಲೆವೆಲ್ ಇರುವುದು ಅಪರೂಪ. ಕಪಾಟು ಬರುವ ಉದ್ದಕ್ಕೂ ಟ್ಯೂಬ್ ಲೆವೆಲ್ ಹಿಡಿದು ಅತಿ ಎತ್ತರದ ಬಿಂದು ಎಲ್ಲಿದೆ ಎಂದು ಗುರುತು ಹಾಕಿ. ಮುಂದಿನ ಎಲ್ಲ ಎತ್ತರವನ್ನೂ ಆ ಬಿಂದುವಿನ ಮಟ್ಟದಿಂದಲೇ ಅಳೆಯಬೇಕು. ಕಪಾಟಿನ ಕಾಲನ್ನು ತಗ್ಗಿನಲ್ಲಿ ಉದ್ದ ಮಾಡಬಹುದು, ಉಬ್ಬಿನಲ್ಲಿ ನೆಲ ಕೆತ್ತಲಾಗುವುದಿಲ್ಲ.

ಆಮೇಲೆ ಮಾಡು. ಸೂರಿನ ಕಡೆಯ ಗಿಡ್ಡ ಗೋಡೆಯಿಂದ ಕೋಣೆಯ ನಡುವಿಗೆ ನೆಲದ ಮೇಲೆ ನೇರ ಗೆರೆ ಎಳೆದು, ಪ್ರತಿ 300 ಮಿಮೀಗೆ ಒಂದು ಗುರುತು ಮಾಡಿ. ಪ್ರತಿ ಗುರುತಿನ ನೆತ್ತಿಯಲ್ಲಿ ಅತಿ ಕೆಳಗೆ ಬಂದಿರುವುದು ಯಾವುದು ಎಂದು ನೋಡಿ ಅಲ್ಲಿಗೆ ಅಳೆಯಿರಿ. ಅದು ಹೆಂಚಲ್ಲ, ರೀಪೂ ಅಲ್ಲ, ಪಕಾಸಿಯ ತಳ. ಗೋಡೆಯ ತಲೆಯ ಮೇಲೆ ಉದ್ದಕ್ಕೆ ಮಲಗಿಸಿದ ಮರ ಒಳಗೆ ಚಾಚಿಕೊಂಡಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪಕಾಸಿಗೆ ಅಂಟಿಸಿಕೊಂಡು ಹೋದ ಕರೆಂಟ್ ವೈರಿನ ಪೈಪನ್ನೂ ಮರೆಯಬೇಡಿ. ಇದೇ ಅಳತೆಯನ್ನು ಕಪಾಟು ಸಾಲಿನ ಎರಡೂ ತುದಿಯಲ್ಲಿ ಮತ್ತು ನಡುವಿನಲ್ಲಿ ತೆಗೆಯಬೇಕು. ಹಳೇ ಪಕಾಸಿಗಳು ನಡುವೆ ಜೋತಿರುತ್ತವೆ. ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಅಳತೆ.

ಇಳಿತ ತಿಳಿಯಲು ಕೋನಮಾಪಕ ಬೇಕಿಲ್ಲ. ಮೀಟರ್ ಲೆವೆಲ್ಲಿನ ಒಂದು ತುದಿಯನ್ನು ಪಕಾಸಿಗೆ ತಾಗಿಸಿ, ಗುಳ್ಳೆ ನಡುವೆ ನಿಲ್ಲುವಂತೆ ಅಡ್ಡ ಹಿಡಿಯಿರಿ. ಇನ್ನೊಂದು ತುದಿಯಿಂದ ಪಕಾಸಿಯವರೆಗೆ ನೇರ ಮೇಲಕ್ಕೆ ಅಳೆಯಿರಿ. 466 ಮಿಮೀ ಬಂದರೆ 25 ಡಿಗ್ರಿ, 577 ಬಂದರೆ 30, 700 ಬಂದರೆ 35. ಆ ಸಂಖ್ಯೆಯನ್ನು 1000ದಿಂದ ಭಾಗಿಸಿದರೆ ಸಿಗುವುದೇ ಇಳಿತ. 30 ಡಿಗ್ರಿ ಮಾಡಿಗೆ ಇಳಿತ 0.577, ಅಂದರೆ ಗೋಡೆಯ ಕಡೆ ಒಂದು ಅಡಿ ಸರಿದರೆ ಹೆಚ್ಚುಕಮ್ಮಿ ಏಳು ಇಂಚು ಎತ್ತರ ಕಳೆದುಕೊಳ್ಳುತ್ತೀರಿ.

ಲೆಕ್ಕ: ಯಾವ ಎತ್ತರದ ಕಪಾಟು ಎಲ್ಲಿ ನಿಲ್ಲುತ್ತದೆ

ಚೌಕ ಕಪಾಟಿನಲ್ಲಿ ಮೊದಲು ಮಾಡಿಗೆ ತಾಗುವುದು ಹಿಂಭಾಗದ ಮೇಲ್ಮೂಲೆ. ಮುಂಭಾಗ ನೋಡಿ ಅಳತೆ ಹೇಳಿ ಬಂದವರು ಮೋಸ ಹೋಗುವುದು ಇಲ್ಲೇ. ಎರಡು ಸಂದು ಕಡ್ಡಾಯ: ಬೆನ್ನ ಹಲಗೆ ಮತ್ತು ಗೋಡೆಯ ನಡುವೆ ಗಾಳಿಯಾಡಲು 50 ಮಿಮೀ, ಮೇಲ್ಮೂಲೆ ಮತ್ತು ಪಕಾಸಿಯ ನಡುವೆ 25 ಮಿಮೀ.

ಉದಾಹರಣೆಗೆ ಗಿಡ್ಡ ಗೋಡೆಯ ಹತ್ತಿರ ಪಕಾಸಿಯ ತಳ 900 ಮಿಮೀ ಎತ್ತರದಲ್ಲಿದೆ, ಇಳಿತ 0.577 ಎಂದಿಟ್ಟುಕೊಳ್ಳಿ. ಗೋಡೆಯಿಂದ 50 ಮಿಮೀ ಈಚೆಗೆ ಎತ್ತರ 929. ಅದರಲ್ಲಿ 25 ಕಳೆದರೆ 904. ಅಡುಗೆಮನೆಯ ಕೆಳಕಪಾಟುಗಳು ಸಾಮಾನ್ಯವಾಗಿ 720 ಎತ್ತರದ ಪೆಟ್ಟಿಗೆಗೆ 100 ಮಿಮೀ ಕಾಲು ಸೇರಿ 820 ಇರುತ್ತವೆ. ಅವು ಇಲ್ಲಿ ಏನೂ ಕತ್ತರಿಸದೆ ನಿಲ್ಲುತ್ತವೆ, ಮೇಲೆ 18 ಮಿಮೀ ಹಲಗೆ ಹಾಕಿದರೂ ಜಾಗ ಉಳಿಯುತ್ತದೆ. ಕತ್ತರಿಸದೆ ಆಗುವುದಾದರೆ ಕತ್ತರಿಸಲು ಹೋಗಬೇಡಿ. ಕಾರ್ಖಾನೆಯಲ್ಲಿ ಅಂಟಿಸಿದ ಅಂಚುಪಟ್ಟಿಯಷ್ಟು ಗಟ್ಟಿಯಾದ ಅಂಚು ಮನೆಯಲ್ಲಿ ಮಾಡುವುದು ಕಷ್ಟ.

ಇನ್ನೂ ಎತ್ತರ ಬೇಕು, ಕಾಲು ಸೇರಿ 1100 ಎತ್ತರ, 450 ಆಳದ ಕಪಾಟೇ ಬೇಕು ಎಂದರೆ ಎರಡು ದಾರಿ. ಒಂದು, ಮುಂದಕ್ಕೆ ಎಳೆದು ನಿಲ್ಲಿಸುವುದು. ಹಿಂಭಾಗಕ್ಕೆ 1125 ಎತ್ತರ ಬೇಕು. 1125ರಲ್ಲಿ 900 ಕಳೆದು ಉಳಿದ 225ನ್ನು 0.577ರಿಂದ ಭಾಗಿಸಿದರೆ 390. ಅಂದರೆ ಗೋಡೆಗೂ ಬೆನ್ನಿಗೂ ನಡುವೆ 390 ಮಿಮೀ ಖಾಲಿ. ಇಲಿಗೆ ಅದು ಸ್ವರ್ಗ. ಎರಡೂ ತುದಿಗೆ ಬಿಚ್ಚಿ ಹಾಕುವಂಥ ಜಾಲರಿ ಚೌಕಟ್ಟು ಇಡಬೇಕಾಗುತ್ತದೆ. ಆದರೂ ಸೋರುವ ಮನೆಯಲ್ಲಿ, ಹಿಂದೆ ಕೈಹಾಕಿ ರಿಪೇರಿ ಮಾಡಲು ಜಾಗ ಬೇಕೆನ್ನುವವರಿಗೆ, ಇದೇ ಸರಿಯಾದ ದಾರಿ.

ಇನ್ನೊಂದು, ಹಿಂಭಾಗದ ಮೇಲ್ಮೂಲೆ ಕತ್ತರಿಸಿ ಗೋಡೆಗೆ 50 ಮಿಮೀ ಬಿಟ್ಟು ಕೂರಿಸುವುದು. ಎತ್ತರ 1125 ಸಿಗುವುದು ಗೋಡೆಯಿಂದ 390ರಲ್ಲಿ, ಅಂದರೆ ಕಪಾಟಿನ ಬೆನ್ನಿನಿಂದ 340ರಲ್ಲಿ. ಬೆನ್ನಿನಲ್ಲಿ ಸಿಗುವುದು 904. ಹೀಗೆ ಪಕ್ಕದ ಹಲಗೆಯಿಂದ ತೆಗೆಯಬೇಕಾದ ತ್ರಿಕೋನ ಅಡ್ಡಕ್ಕೆ 340, ಉದ್ದಕ್ಕೆ 196. ಮುಂದೆ ಸಪಾಟಾದ ತಲೆ 110 ಮಿಮೀ ಉಳಿಯುತ್ತದೆ. ಅದು 100ಕ್ಕಿಂತ ಕಡಿಮೆಯಾಗುವಂತಿದ್ದರೆ ಒಂದು ಅಳತೆ ಗಿಡ್ಡನೆಯ ಕಪಾಟು ಕೊಳ್ಳಿ. ಬಾಗಿಲು ಬಡಿಯುವ ಹೊಡೆತವನ್ನೆಲ್ಲ ಆ ಮುಂತಲೆಯ ಹಲಗೆಯೇ ತಡೆಯುವುದು, ಅದು ಸಣ್ಣದಾದರೆ ಪೆಟ್ಟಿಗೆ ಓರೆಯಾಗುತ್ತದೆ.

ಕೊಳ್ಳುವಾಗ

ಪಾರ್ಟಿಕಲ್ ಬೋರ್ಡಿನ (ಮರದ ಚೂರು ಒತ್ತಿ ಮಾಡಿದ ಹಲಗೆ) ಕಪಾಟನ್ನು ಮಲೆನಾಡಿನ ಹೆಂಚಿನ ಅಡಿಗೆ ತರಲೇಬೇಡಿ. ಆಗುಂಬೆಯ ಮಳೆಯ ಮಾತು ಬಿಡಿ, ಶಿವಮೊಗ್ಗ ಪೇಟೆ ದಾಟಿ ಪಶ್ಚಿಮಕ್ಕೆ ಹೋದಂತೆ ಮಳೆಗಾಲದ ಗಾಳಿಯ ಪಸೆಯೇ ಸಾಕು ಕತ್ತರಿಸಿದ ಅಂಚು ಉಬ್ಬಿ ಸ್ಕ್ರೂ ಕಳಚಲು. 18 ಮಿಮೀ ಪ್ಲೈವುಡ್ಡಿನ ಪೆಟ್ಟಿಗೆ, ಹಲಗೆಯ ಮೇಲೆ ಐಎಸ್ 710 ಮುದ್ರೆ ಇರುವ ಬಿಡಬ್ಲ್ಯೂಪಿ (ಕುದಿಯುವ ನೀರನ್ನೂ ತಾಳುವ) ದರ್ಜೆಯದ್ದು, ಕೇಳಿ ಪಡೆಯಿರಿ. ಬೆನ್ನ ಹಲಗೆ 6 ಮಿಮೀಗಿಂತ ತೆಳುವಾಗಿದ್ದರೆ ಬೇಡ. ಹಿಂಜ್ ಸ್ಟೇನ್‌ಲೆಸ್ ಸ್ಟೀಲಿನದ್ದಾಗಿರಲಿ, ಮಾಮೂಲಿ ಲೇಪದ ಹಿಂಜ್ ಬೇಗ ತುಕ್ಕು ಹಿಡಿಯುತ್ತದೆ.

ಜೋಡಿಸಿದ ಪೆಟ್ಟಿಗೆಗಿಂತ ಬಿಡಿಭಾಗಗಳಾಗಿ ಬರುವುದು ಮೇಲು. ಉಪ್ಪರಿಗೆಯ ಮರದ ಮೆಟ್ಟಿಲು ಇಕ್ಕಟ್ಟು, ಬಾಯಿಯೂ ಸಣ್ಣದು. ಮೇಲೆ ಹೋದ ನಂತರ ಇನ್ನೊಂದು ತೊಡಕಿದೆ. ಮಲಗಿಸಿ ಜೋಡಿಸಿದ ಕಪಾಟನ್ನು ಎತ್ತಿ ನಿಲ್ಲಿಸುವಾಗ ಅದರ ಕರ್ಣದಷ್ಟು ಎತ್ತರ ಬೇಕಾಗುತ್ತದೆ. 2100 ಎತ್ತರ 560 ಆಳದ ಬೀರುವಿಗೆ 2173 ಬೇಕು. ಕೋಣೆಯ ನಡುವಿನಲ್ಲೂ ಅಷ್ಟು ಎತ್ತರ ಇಲ್ಲದಿದ್ದರೆ ನಿಂತಿರುವಂತೆಯೇ ಜೋಡಿಸಬೇಕು, ಇಲ್ಲವೇ ಮೇಲೊಂದು ಕೆಳಗೊಂದು ಎಂದು ಎರಡು ಭಾಗದ್ದನ್ನು ಕೊಳ್ಳಬೇಕು.

ಮೂಲೆ ಕತ್ತರಿಸುವ ಕ್ರಮ

1. ಮೊದಲು ರಟ್ಟು. ಫ್ರಿಜ್ ಅಥವಾ ಟೀವಿಯ ದಪ್ಪ ರಟ್ಟಿನಲ್ಲಿ ಪಕ್ಕದ ಹಲಗೆಯ ಆಕಾರವನ್ನು ತ್ರಿಕೋನ ತೆಗೆದು ಕತ್ತರಿಸಿ, ಕಾಲಿನ ಎತ್ತರಕ್ಕೆ ಮರದ ತುಂಡು ಕೊಟ್ಟು ನಿಲ್ಲಿಸಿ ನೋಡಿ. ಸಾಲಿನ ಎರಡೂ ತುದಿಯಲ್ಲಿ, ನಡುವಿನಲ್ಲಿ ನಿಲ್ಲಿಸಿ. ಎಲ್ಲೆಡೆ ಪಕಾಸಿಗೂ ರಟ್ಟಿಗೂ ಒಂದು ಬೆರಳು ಸಲೀಸಾಗಿ ಹೋಗಬೇಕು.

2. ಎಡ, ಬಲ ಹಲಗೆಗಳನ್ನು ಒಳಮೈ ಒಳಮೈಗೆ ತಾಗುವಂತೆ ಎದುರುಬದುರು ಇಟ್ಟು ರಟ್ಟಿನ ಗುರುತನ್ನು ಎರಡಕ್ಕೂ ಎಳೆಯಿರಿ. ಕಾಲನ್ನು ಲೆಕ್ಕದಿಂದ ತೆಗೆಯುವುದು ಮರೆಯಬೇಡಿ: ಮೇಲಿನ ಉದಾಹರಣೆಯಲ್ಲಿ ಹಲಗೆ 1000, ಬೆನ್ನಿನ ಕಡೆ ಉಳಿಯುವುದು 804. ಹಿಂಭಾಗದಲ್ಲಿ ಬೆನ್ನ ಹಲಗೆ ಕೂರುವ ಗಾಡಿ (ಉದ್ದನೆಯ ಕೊರೆತ) ಇರುತ್ತದೆ, ಎರಡೂ ಹಲಗೆಯ ಗಾಡಿ ಒಂದೇ ಕಡೆ ಇದೆಯೇ ಎಂದು ಗರಗಸ ಹಚ್ಚುವ ಮುಂಚೆ ಮತ್ತೊಮ್ಮೆ ನೋಡಿ. ಎರಡು ಎಡ ಹಲಗೆ ಮಾಡಿ ಕೂತರೆ ಮತ್ತೆ ಅಂಗಡಿಗೇ ಓಡಬೇಕು.

3. ಗೆರೆಯ ಮೇಲೆ ಮಾಸ್ಕಿಂಗ್ ಟೇಪು ಅಂಟಿಸಿ. ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಗರಗಸದ ಹಲ್ಲು ಕೆಳಗಿನಿಂದ ಮೇಲಕ್ಕೆ ಕಚ್ಚುತ್ತದೆ, ಹಾಗಾಗಿ ಕಣ್ಣಿಗೆ ಕಾಣುವ ಮೈ ಕೆಳಗಿರಲಿ. ಜಿಗ್ ಸಾ ಕೂಡ ಹಾಗೆಯೇ. ಒರಟು ಹಲ್ಲಿನ ಬ್ಲೇಡು ಲ್ಯಾಮಿನೇಟನ್ನು ಚಕ್ಕೆ ಎಬ್ಬಿಸುತ್ತದೆ, ಸಣ್ಣ ಹಲ್ಲಿನದ್ದು ಹಾಕಿ. ನೇರ ಹಲಗೆಯೊಂದನ್ನು ಕ್ಲಾಂಪ್ ಮಾಡಿ ಅದಕ್ಕೆ ಒತ್ತಿ ಗರಗಸ ಓಡಿಸಿ.

4. ಕತ್ತರಿಸಿದ ಅಂಚಿನಲ್ಲಿ ಪ್ಲೈಪದರ ನಡುವೆ ಸಂದು ಕಂಡರೆ ಮರಪುಡಿ ಮತ್ತು ನೀರು ತಡೆಯುವ ಅಂಟು ಕಲಸಿ ತುಂಬಿ, ಒಣಗಿದ ಮೇಲೆ ಉಜ್ಜಿ. ನಂತರ ಪಿಯು (ಪಾಲಿಯುರಿಥೇನ್) ಸೀಲರ್ ಎರಡು ಕೋಟ್, ಆಮೇಲೆ ಅಂಚುಪಟ್ಟಿ. ಮಾಡಿನ ಕಡೆ ಮುಖ ಮಾಡುವ ಅಂಚು ಹೇಗೂ ಕಾಣುವುದಿಲ್ಲವಲ್ಲ ಎಂದು ಹಾಗೇ ಬಿಡುವವರೇ ಹೆಚ್ಚು. ಹನಿ ಬೀಳುವುದು, ಒರಲೆ ನುಗ್ಗುವುದು ಅಲ್ಲಿಂದಲೇ.

5. ಮೇಲಿನ ಹಲಗೆಯ ಆಳ 450ರಿಂದ 110ಕ್ಕೆ ಇಳಿಯುತ್ತದೆ. ಮೂಲ ಜೋಡಣೆಯ ಹಿಂಬದಿಯ ತೂತುಗಳು ತ್ರಿಕೋನದ ಜೊತೆಗೇ ಹೋಗಿರುತ್ತವೆ. ಉಳಿದ ಭಾಗಕ್ಕೆ ಪ್ರತಿ ಪಕ್ಕಕ್ಕೆ ಎರಡರಂತೆ 7×50ರ ಕನ್ಫರ್ಮಾಟ್ ಸ್ಕ್ರೂ (ಹಲಗೆ ಜೋಡಿಸುವ ದಪ್ಪ ಸ್ಕ್ರೂ) ಹಾಕಿ, ಅದಕ್ಕೆ ಮುಂಚೆ ಹಲಗೆಯ ಅಂಚಿಗೆ 5 ಮಿಮೀ ಬಿಟ್ಟಿನಲ್ಲಿ ತೂತು ಕೊರೆಯಲೇಬೇಕು. ಕೊರೆಯದೆ ತಿರುಗಿಸಿದರೆ ಪ್ಲೈ ಸೀಳುತ್ತದೆ.

6. ಬೆನ್ನ ಹಲಗೆ ಗಿಡ್ಡವಾದ ಮೇಲೆ ಪೆಟ್ಟಿಗೆಯ ಬಿಗಿ ಹೋಗುತ್ತದೆ. ಅದರ ಮೇಲಂಚಿನ ಒಳಗೆ 80 ಮಿಮೀ ಅಗಲದ 18 ಮಿಮೀ ಪ್ಲೈ ಪಟ್ಟಿಯನ್ನು ಪಕ್ಕದಿಂದ ಪಕ್ಕಕ್ಕೆ ಅಡ್ಡ ಕೊಟ್ಟು ಸ್ಕ್ರೂ ಮಾಡಿ. ಮುಂದೆ ಕಪಾಟನ್ನು ಗೋಡೆಗೆ ಕಟ್ಟುವುದೂ ಇದೇ ಪಟ್ಟಿಯಿಂದ.

7. ಓರೆ ಮುಚ್ಚಳ. 12 ಮಿಮೀ ಪ್ಲೈ, ಓರೆಯ ಉದ್ದ 392 ಮಿಮೀ, ಅಗಲ ಪೆಟ್ಟಿಗೆಯ ಒಳಅಗಲ (600ರ ಕಪಾಟಿಗೆ 564). ಇದನ್ನು ಪಕ್ಕದ ಹಲಗೆಗಳ ಮೇಲೆ ಹೊದೆಸಿದರೆ ಮಾಡಿನ ಕಡೆಗೆ ನೇರದಲ್ಲಿ 14 ಮಿಮೀ ಏರುತ್ತದೆ, ಬಿಟ್ಟ 25 ಮಿಮೀ ಸಂದಿನಲ್ಲಿ ಅರ್ಧಕ್ಕೂ ಹೆಚ್ಚು ಅದೇ ತಿನ್ನುತ್ತದೆ. ಅದಕ್ಕೇ ಒಳಗೆ ಕೂರಿಸಿ: ಎರಡೂ ಪಕ್ಕಕ್ಕೆ 20×20ರ ರೀಪಿನ ತುಂಡನ್ನು ಕತ್ತರಿಸಿದ ಅಂಚಿನಿಂದ 12 ಮಿಮೀ ಕೆಳಗೆ ಹೊಡೆದು, ಅದರ ಮೇಲೆ ಮುಚ್ಚಳ ಇಡಿ. ಅಂಟು ಹಾಕಬೇಡಿ, ಸ್ಕ್ರೂ ಸಾಕು. ಎಂದಾದರೂ ಮಾಡಿಗೆ ಕೈ ಹಾಕಬೇಕಾದಾಗ ಇದನ್ನೇ ಬಿಚ್ಚುವುದು.

ನೆಲ ಮತ್ತು ಗೋಡೆ

18 ಮಿಮೀ ಪ್ಲೈಯ ಎಂಟು ಅಡಿ ನಾಲ್ಕು ಅಡಿಯ ಒಂದು ಶೀಟೇ ಸುಮಾರು 35 ಕೆಜಿ ತೂಗುತ್ತದೆ. ಮೂರು ಕಪಾಟು, ಒಳಗೆ ಪಾತ್ರೆ, ಪುಸ್ತಕ ಎಲ್ಲ ಸೇರಿದರೆ ಉಪ್ಪರಿಗೆಯ ಹಲಗೆಗೆ ಭಾರ ಜಾಸ್ತಿಯೇ. ಹಲಗೆಯ ಮೇಲಿನ ಮೊಳೆಸಾಲು ನೋಡಿ ತೊಲೆ ಎಲ್ಲಿದೆ ಎಂದು ಗುರುತಿಸಿ. ಕಾಲು ಎರಡು ತೊಲೆಗಳ ನಡುವೆ ಬಂದರೆ, ಕನಿಷ್ಠ ಮೂರು ತೊಲೆ ದಾಟುವಷ್ಟು ಉದ್ದದ ಮರದ ಪಟ್ಟಿಯನ್ನು ಅಡ್ಡ ಹಾಕಿ ಅದರ ಮೇಲೆ ಕಾಲು ಇಡಿ. ಆ ಪಟ್ಟಿಯ ದಪ್ಪವನ್ನು ಎತ್ತರದ ಲೆಕ್ಕದಲ್ಲಿ ಮೊದಲೇ ಸೇರಿಸಿರಬೇಕು.

ಪ್ಲಾಸ್ಟಿಕ್ಕಿನ ತಿರುಗಿಸುವ ಕಾಲು ಕಪಾಟಿಗೆ ನಾಲ್ಕು. ಮರದ ದಿಮ್ಮಿಯ ಪೀಠ ಬೇಡ, ನೆಲದ ಪಸೆ ಅದರ ಮೂಲಕ ನೇರ ಪೆಟ್ಟಿಗೆಗೆ ಏರುತ್ತದೆ. ನೆಲದ ಎತ್ತರದ ಬಿಂದುವಿನ ಮೇಲೆ ಬರುವ ಕಪಾಟನ್ನು ಮೊದಲು ನಿಲ್ಲಿಸಿ ಲೆವೆಲ್ ಮಾಡಿ, ಉಳಿದವನ್ನು ಅದಕ್ಕೆ ಹೊಂದಿಸಿ. ಪಕ್ಕಪಕ್ಕದ ಕಪಾಟುಗಳ ಮುಂಅಂಚು ಸಮ ಮಾಡಿ ಕ್ಲಾಂಪ್ ಬಿಗಿದು, ಪ್ರತಿ ಜೋಡಣೆಗೆ 30 ಮಿಮೀ ಸ್ಕ್ರೂ ನಾಲ್ಕು ಹಾಕಿ. 18 ಮತ್ತು 18 ಸೇರಿ 36, ಹಾಗಾಗಿ 40ರ ಸ್ಕ್ರೂ ಆಚೆಗೆ ತೂರಿ ಬರುತ್ತದೆ.

ಗೋಡೆಗೆ ಕಟ್ಟುವ ವಿಧಾನ ಗೋಡೆ ಎಂಥದ್ದು ಎಂಬುದರ ಮೇಲೆ ನಿಂತಿದೆ. ಇಟ್ಟಿಗೆ, ಸಿಮೆಂಟಿನ ಗೋಡೆಗೆ ಮಾಮೂಲಿ ನೈಲಾನ್ ಪ್ಲಗ್ ಸಾಕು. ಜಂಬಿಟ್ಟಿಗೆಯಲ್ಲಿ (ಕೆಂಪು ತೂತುಕಲ್ಲು) ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ, ಬರೀ ತಿರುಗಿಸಿ ಕೊರೆಯಿರಿ. ಹ್ಯಾಮರ್ ಹಾಕಿದರೆ ಕಲ್ಲಿನ ತೂತುಗಳು ಒಡೆದು 10 ಮಿಮೀ ತೂತು 14 ಆಗುತ್ತದೆ, ಪ್ಲಗ್ ಸುಮ್ಮನೆ ತಿರುಗುತ್ತದೆ. ಗಾರೆಯ ಸಂದಿಗಲ್ಲ, ಕಲ್ಲಿನ ನಡುವಿಗೆ ಕೊರೆದು, ಪುಡಿಯನ್ನು ಊದಿ ತೆಗೆದು, 80 ಮಿಮೀ ಉದ್ದದ ಪ್ಲಗ್ ಹಾಕಿ. ಒಂದೊಂದು ಕಪಾಟನ್ನು ನೇರ ಗೋಡೆಗೆ ಬಿಗಿಯುವ ಬದಲು 75×25ರ ಮರದ ಪಟ್ಟಿಯೊಂದನ್ನು ಗೋಡೆಯುದ್ದಕ್ಕೂ 400 ಮಿಮೀಗೊಂದು ಸ್ಕ್ರೂವಿನಂತೆ ಕೂರಿಸಿ, ಕಪಾಟಿನ ಅಡ್ಡಪಟ್ಟಿಯನ್ನು ಅದಕ್ಕೆ ಬಿಗಿಯಿರಿ. 1800 ಮಿಮೀ ಸಾಲಿಗೆ ಐದು ಸ್ಕ್ರೂ. ಇನ್ನುಳಿದ 25 ಮಿಮೀ ಸಂದಿಗೆ ಅಷ್ಟೇ ದಪ್ಪದ ಮರದ ತುಂಡು ಕೊಟ್ಟರೆ ಗಾಳಿಯ ಜಾಗವೂ ಹಾಗೇ ಉಳಿಯುತ್ತದೆ.

ಮಣ್ಣಿನ ಗೋಡೆಯಲ್ಲಿ ಯಾವ ಪ್ಲಗ್ಗೂ ನಿಲ್ಲುವುದಿಲ್ಲ. ಅಲ್ಲಿ ಕಪಾಟುಗಳನ್ನು ಒಂದಕ್ಕೊಂದು ಬಿಗಿದು, ಎಲ್ ಕ್ಲಾಂಪಿನಿಂದ ನೆಲದ ತೊಲೆಗೆ ಕಟ್ಟಿ. ಸಾಲಿನ ಪಕ್ಕದಲ್ಲಿ ಮರದ ಕಂಬವಿದ್ದರೆ ಅದಕ್ಕೂ ಒಂದು ಕಟ್ಟು ಕೊಡಿ. ಯಾವ ಕಾರಣಕ್ಕೂ ಪಕಾಸಿಗೆ ಸ್ಕ್ರೂ ಮಾಡಬೇಡಿ. ಪಕಾಸಿ ಕದಲಿದರೆ ಕಪಾಟು ಕದಲುತ್ತದೆ, ಕಪಾಟಿನ ಭಾರಕ್ಕೆ ಹೆಂಚು ಕದಲುತ್ತದೆ. ಹೆಂಚಿನ ಕೆಳಗೆ ಹೊಡೆದ ಪಿವಿಸಿ ಅಥವಾ ಪ್ಲೈ ಸೀಲಿಂಗಿಗೂ ಇದೇ ಮಾತು.

ತ್ರಿಕೋನ ಗೋಡೆ ಮತ್ತು ಬಾಗಿಲು

ಗಿಡ್ಡ ಗೋಡೆಯ ಬದಲು, ಮಾಡು ಎರಡೂ ಕಡೆ ಇಳಿಯುವ ತ್ರಿಕೋನ ಗೋಡೆಗೆ ಬೆನ್ನು ಕೊಟ್ಟು ಕಪಾಟು ಇಡುವುದಾದರೆ ಮೆಟ್ಟಿಲಿನಂತೆ ಬೇರೆ ಬೇರೆ ಎತ್ತರದ ಚೌಕ ಕಪಾಟುಗಳನ್ನು ಜೋಡಿಸಿ. ಪ್ರತಿ ಕಪಾಟಿನ ಎತ್ತರವನ್ನು ಅದರ ತಗ್ಗಿನ ಕಡೆಯ ಮೂಲೆಯಲ್ಲಿ ಅಳೆಯಬೇಕು. 600 ಅಗಲದ ಕಪಾಟುಗಳಾದರೆ 30 ಡಿಗ್ರಿ ಮಾಡಿನಲ್ಲಿ ಒಂದಕ್ಕಿಂತ ಇನ್ನೊಂದು 346 ಮಿಮೀ ಗಿಡ್ಡವಾಗುತ್ತದೆ.

ಮಾಡಿನ ಓರೆಗೇ ಕತ್ತರಿಸಿದ ಬಾಗಿಲು ಬೇಕೆಂದವರು ಹಿಂಜನ್ನು ಎತ್ತರದ ಕಡೆಗೇ ಹಾಕಬೇಕು. ತಗ್ಗಿನ ಕಡೆ ಹಾಕಿದರೆ, ತೆರೆಯುವಾಗ ಬಾಗಿಲಿನ ಎತ್ತರದ ತುದಿ ತಿರುಗಿ ತಗ್ಗಿನ ಕಡೆಗೇ ಬರುತ್ತದೆ, ಅರ್ಧ ತೆರೆಯುವಷ್ಟರಲ್ಲಿ ಪಕಾಸಿಗೆ ಹೊಡೆಯುತ್ತದೆ. ಮೇಲಕ್ಕೆ ಎತ್ತುವ ಬಾಗಿಲಂತೂ ಇಲ್ಲಿ ಬೇಡವೇ ಬೇಡ. ಒಂದು ಮೀಟರ್ ಎತ್ತರದ ಬಾಗಿಲಿಗೆ ಹಿಂಜ್ ಮೂರು ಹಾಕಿ, ಎರಡರಲ್ಲಿ ಮುಗಿಸಬೇಡಿ. ಎರಡು ಬಾಗಿಲುಗಳ ನಡುವೆ ಬೇಸಿಗೆಯಲ್ಲಿ 3 ಮಿಮೀ ಸಂದು ಇರಲಿ. ಕೂತು ಬಗ್ಗಿ ತೆರೆಯಬೇಕಾದ 600 ಮಿಮೀಗಿಂತ ಗಿಡ್ಡ ಕಪಾಟುಗಳಿಗೆ ಬಾಗಿಲಿಗಿಂತ ಡ್ರಾಯರ್ ಒಳ್ಳೆಯದು, ಹಿಂದಿನ ಸಾಮಾನು ಕೈಗೆ ಬರುತ್ತದೆ.

ಮರೆಪಟ್ಟಿ

ಕಪಾಟಿನ ತಲೆಗೂ ಮಾಡಿಗೂ ನಡುವೆ ಕಾಣುವ ಸಂದನ್ನು ಮುಚ್ಚುವುದು ಈ ಪಟ್ಟಿ. 12 ಮಿಮೀ ಪ್ಲೈಯಲ್ಲಿ, ಸಂದಿಗಿಂತ 40 ಮಿಮೀ ಹೆಚ್ಚು ಅಗಲಕ್ಕೆ ಕತ್ತರಿಸಿ, ಕಪಾಟಿನ ಮುಂದೆ ಲೆವೆಲ್ಲಿಗೆ ಹಿಡಿದು ತಾತ್ಕಾಲಿಕವಾಗಿ ಕ್ಲಾಂಪ್ ಮಾಡಿ. ಪಟ್ಟಿಯ ಮೇಲಂಚು ಆಗ ಒಂದೊಂದು ಪಕಾಸಿಗೂ ಒಂದೊಂದು ಥರ ತಾಗುತ್ತಿರುತ್ತದೆ. ತಾಗಿದ ಕಡೆ ಸಂದು ಸೊನ್ನೆ, ಎರಡು ಪಕಾಸಿಗಳ ನಡುವೆ ಹೆಂಚಿನವರೆಗೂ ಖಾಲಿ. ಅತಿ ದೊಡ್ಡ ಸಂದಿನಷ್ಟು ಎತ್ತರದ ಮರದ ತುಂಡೊಂದರ ತಳಕ್ಕೆ ಪೆನ್ಸಿಲ್ ಒತ್ತಿ ಹಿಡಿದು, ತುಂಡಿನ ಮೇಲ್ಮೈ ಪಕಾಸಿಗೆ, ರೀಪಿಗೆ ತಾಗುತ್ತಲೇ ಇರುವಂತೆ ನಿಧಾನ ಜಾರಿಸುತ್ತಾ ಹೋಗಿ. ಮೇಲಿನ ಏರಿಳಿತವೆಲ್ಲ ಪಟ್ಟಿಯ ಮೇಲೆ ಗೆರೆಯಾಗಿ ಇಳಿಯುತ್ತದೆ. ಆ ಗೆರೆಗಿಂತ 5 ಮಿಮೀ ಕೆಳಗೆ ಜಿಗ್ ಸಾದಿಂದ ಕತ್ತರಿಸಿ. ಪಟ್ಟಿಯನ್ನು ಆ ತುಂಡಿನ ಎತ್ತರದಷ್ಟು ಮೇಲಕ್ಕೆ ಸರಿಸಿದಾಗ ಉಳಿಯುವ 5 ಮಿಮೀ ಸಂದು ಮಳೆಗಾಲದಲ್ಲಿ ಪಕಾಸಿ ಇಳಿಯಲು ಬಿಟ್ಟ ಜಾಗ, ಅದಕ್ಕೆ ಸಿಲಿಕೋನ್ ತುಂಬಬೇಡಿ. ಪಟ್ಟಿಯನ್ನು ಕಪಾಟಿಗೆ ಮಾತ್ರ, ಒಳಗಿನಿಂದ, ಬಿಚ್ಚಲು ಬರುವಂತೆ ಸ್ಕ್ರೂ ಮಾಡಿ.

ಪಟ್ಟಿಗೆ ಇಡೀ ಹಲಸಿನ ಮರವೋ ಸಾಗುವಾನಿಯೋ ಇದ್ದರೆ ಚೆಂದ ನಿಜ, ಆದರೆ ಅಗಲಕ್ಕೆ ಅದು ಪ್ಲೈಗಿಂತ ಹೆಚ್ಚು ಉಬ್ಬುತ್ತದೆ. ಹಾಗಿದ್ದರೆ 5ರ ಬದಲು 8 ಮಿಮೀ ಬಿಡಿ.

ಮಳೆಗಾಲಕ್ಕೆ

ಬೆನ್ನ ಹಲಗೆಯಲ್ಲಿ ಮೇಲೆ ಎರಡು, ಕೆಳಗೆ ಎರಡು, 35 ಮಿಮೀ ತೂತು ಕೊರೆದು ಇಲಿ ನುಗ್ಗದಂತೆ ಸ್ಟೀಲ್ ಜಾಲರಿ ಹೊಡೆಯಿರಿ. ಕಾಲುಗಳ ಮುಂದಿನ ಅಡ್ಡಪಟ್ಟಿ ಕ್ಲಿಪ್ಪಿನದ್ದಾಗಿರಲಿ, ಜುಲೈ ಆಗಸ್ಟಿನಲ್ಲಿ ಅದನ್ನು ಕಳಚಿಟ್ಟರೆ ಕೆಳಗೆ ಗಾಳಿಯಾಡುತ್ತದೆ, ಒರಲೆಯ ಗೆರೆ ಎದ್ದರೂ ಕಣ್ಣಿಗೆ ಬೀಳುತ್ತದೆ. ಬಟ್ಟೆ, ರೇಷ್ಮೆ ಸೀರೆ ಇಡುವ ಖಾನೆ ಗಿಡ್ಡ ಗೋಡೆಗೆ ತಾಗುವ ಭಾಗದಲ್ಲಿ ಬೇಡ, ಬೂಷ್ಟು ಮೊದಲು ಹಿಡಿಯುವುದು ಅಲ್ಲೇ. ಅಲ್ಲಿ ಪಾತ್ರೆ, ಸ್ಟೀಲ್ ಡಬ್ಬಿ, ಹಬ್ಬಕ್ಕೆ ಮಾತ್ರ ತೆಗೆಯುವ ಸಾಮಾನು ಇಡಿ.

ಮೊದಲ ಜೋರು ಮಳೆ ಬಿದ್ದ ವಾರ ಓರೆ ಮುಚ್ಚಳಗಳ ಮೇಲೆ ಹಳೇ ಪೇಪರ್ ಹಾಸಿ ಎರಡು ದಿನ ಬಿಡಿ. ಹನಿ ಬಿದ್ದ ಕಡೆ ಪೇಪರಿನ ಮೇಲೆ ಕಲೆ ಉಳಿಯುತ್ತದೆ. ಅದರ ನೇರಕ್ಕೆ ಮೇಲಿನ ಹೆಂಚಿಗೆ ಗುರುತು ಮಾಡಿಕೊಂಡು ಮಳೆ ಹೊಳವಾದಾಗ ಬದಲಿಸಿ. ಸೆಪ್ಟೆಂಬರ್ ಕಳೆದ ಮೇಲೆ ಕಾಲುಗಳ ಲೆವೆಲ್ ಮತ್ತೊಮ್ಮೆ ನೋಡಿ. ಮರದ ನೆಲ ಒಂದೆರಡು ಮಿಲಿಮೀಟರ್ ಇಳಿದಿದ್ದರೆ ಮೊದಲು ಕಾಲು ತಿರುಗಿಸಿ, ಆಮೇಲೆ ಹಿಂಜಿನ ಪಕ್ಕದ ಸ್ಕ್ರೂವಿನಿಂದ ಬಾಗಿಲ ಸಂದು ಸರಿಮಾಡಿ. ಕ್ರಮ ತಲೆಕೆಳಗಾದರೆ ಎರಡನ್ನೂ ಮತ್ತೆ ಮಾಡಬೇಕಾಗುತ್ತದೆ.